ಸಾಲಿನಲ್ಲಿ ನಿಂತವರು ಇಬ್ಬರು, ರೈಡ್ ಹತ್ತಿದವರು ಹನ್ನೊಂದು

ಪ್ರಶ್ನೆ: ಬೇಸಿಗೆ ರಜೆಯಲ್ಲಿ ಒಂದು ಭಾನುವಾರ ಬೆಂಗಳೂರಿನ ಹೊರಗಿನ ಒಂದು ಅಮ್ಯೂಸ್‌ಮೆಂಟ್ ಪಾರ್ಕ್‌ಗೆ ಹೋಗಿದ್ದೆವು. ನಾನು, ನನ್ನ ಗಂಡ, ಇಬ್ಬರು ಮಕ್ಕಳು (10 ಮತ್ತು 7 ವರ್ಷ), ಜೊತೆಗೆ ಅತ್ತೆ. ಒಂದು ದೊಡ್ಡ ರೈಡ್ ಮುಂದೆ ‘40 ನಿಮಿಷ’ ಎಂದು ಬೋರ್ಡ್ ಇತ್ತು. ನಿಂತೆವು. ನಮ್ಮ ಮುಂದೆ ಇಬ್ಬರು ಕಾಲೇಜು ಹುಡುಗರು. ಗೇಟ್ ಹತ್ತಿರ ಬಂದಾಗ ಅವರ ಸ್ನೇಹಿತರು ಒಂಬತ್ತು ಜನ ಕಂಬಿ ಕೆಳಗೆ ನುಸುಳಿ ಬಂದು ಸೇರಿಕೊಂಡರು. ಕೇಳಿದ್ದಕ್ಕೆ, “ಆಂಟಿ, ನಿಮ್ಮ ಮಗನೂ ಟಾಯ್ಲೆಟ್‌ಗೆ ಹೋಗಿ ಬಂದು ಸೇರಿಕೊಂಡನಲ್ಲ, ಇದೂ ಅದೇ” ಎಂದರು. ನನಗೆ ಮಾತೇ ಹೊರಡಲಿಲ್ಲ. ನಮ್ಮ ಹಿಂದಿನವರೂ ಸುಮ್ಮನಿದ್ದರು. ನನ್ನ ಗಂಡ “ಬಿಡು, ಸುಮ್ನೆ ಯಾಕೆ ಜಗಳ” ಎಂದರು. ರೈಡ್ ಹತ್ತುವಾಗ ಒಂದು ಗಂಟೆ ಆಗಿತ್ತು. ಪಕ್ಕದಲ್ಲೇ ಫಾಸ್ಟ್‌ಟ್ರ್ಯಾಕ್‌ನವರು ನೇರವಾಗಿ ಹೋಗುತ್ತಿದ್ದರು. ಆ ಹುಡುಗರು ಹೇಳಿದ್ದು ಸರಿಯೇ? ದುಡ್ಡು ಕೊಟ್ಟು ಮುಂದೆ ಹೋದರೆ ಸರಿ, ಸ್ನೇಹಿತರಿದ್ದಾರೆ ಎಂದು ಹೋದರೆ ತಪ್ಪೇ? ದಸರಾ ರಜೆಗೆ ನಾದಿನಿ ಮನೆಯವರೂ ಸೇರಿ ಹನ್ನೆರಡು ಜನ ಹೋಗುವ ಯೋಚನೆ ಇದೆ. ಅತ್ತೆಗೆ ಮಂಡಿ ನೋವು ಬೇರೆ. ಏನು ಮಾಡಬೇಕು?
— ಓದುಗರೊಬ್ಬರು, ನಾಗರಬಾವಿ

ಉತ್ತರ: ಹುಡುಗರು ಹೇಳಿದ್ದು ಸರಿಯಲ್ಲ. ಆದರೆ ಜಾಣ ಮಾತು. ಸಾಲಿನಲ್ಲಿ ನಿಂತು ಕಾಲು ಸೋತಿರುವಾಗ ಅಂಥ ಮಾತಿಗೆ ತಕ್ಷಣ ಉತ್ತರ ಕೊಡುವುದು ಕಷ್ಟ. ಹಾಗಾಗಿ ಅಲ್ಲಿಂದಲೇ ಶುರು ಮಾಡುತ್ತೇನೆ.

ನಿಮ್ಮ ಮಗ ಸಾಲಿನಲ್ಲಿ ನಿಂತಿದ್ದ. ನಿಮ್ಮ ಹಿಂದೆ ಬಂದವರು ಅವನನ್ನೂ ಸೇರಿಸಿಯೇ ಲೆಕ್ಕ ಹಾಕಿದರು. ಮುಂದೆ ಇಷ್ಟು ಜನ ಇದ್ದಾರೆ, ಪರವಾಗಿಲ್ಲ, ಕಾಯೋಣ ಎಂದುಕೊಂಡು ನಿಂತರು. ಅವನು ಹತ್ತು ನಿಮಿಷ ಆಚೆ ಹೋಗಿ ಬಂದಾಗ ಅವರ ಮುಂದೆ ಒಂದು ತಲೆಯೂ ಜಾಸ್ತಿ ಆಗಲಿಲ್ಲ. ಆ ಒಂಬತ್ತು ಹುಡುಗರು ಮಾತ್ರ ಯಾರ ಲೆಕ್ಕದಲ್ಲೂ ಇರಲಿಲ್ಲ. ನೀವು ಕಾಯುತ್ತಿದ್ದಾಗ ಅವರು ಎಲ್ಲೋ ಐಸ್‌ಕ್ರೀಮ್ ತಿನ್ನುತ್ತಿದ್ದರು, ಇಲ್ಲವೇ ಇನ್ನೊಂದು ರೈಡ್‌ನ ಸಾಲಿನಲ್ಲಿದ್ದರು. ಎರಡನೆಯದಾದರೆ ಇನ್ನೂ ಅನ್ಯಾಯ. ಒಂದೇ ಹೊತ್ತಿನಲ್ಲಿ ಎರಡು ಕಡೆ ಕಾದ ಹಾಗಾಯಿತು.

ನಿಂತಿದ್ದವರು ಹೋಗಿ ಬರಬಹುದು, ನಿಂತೇ ಇಲ್ಲದವರಿಗೆ ಜಾಗ ಹಿಡಿಯುವಂತಿಲ್ಲ. ವರ್ಷಗಟ್ಟಲೆ ರೈಡ್‌ಗಳ ಉಸ್ತುವಾರಿ ನೋಡಿ, ಈಗ ಪಾರ್ಕ್‌ಗಳಿಗೆ ಕ್ಯೂ ಲೆಕ್ಕ ಹಾಕಿಕೊಡುವ ನಾನು ಗೆರೆ ಎಳೆಯುವುದು ಅಲ್ಲಿ. ಗುಂಪು ಒಟ್ಟಿಗೇ ಹತ್ತಬೇಕು ಎನ್ನುವ ಆಸೆ ಇದ್ದರೆ ಅದಕ್ಕೂ ದಾರಿ ಇದೆ. ಮುಂದೆ ನಿಂತ ಇಬ್ಬರು ಹಿಂದೆ ಹೋಗಿ ಗೆಳೆಯರ ಜೊತೆ ಸೇರಲಿ. ಯಾರೂ ಅಡ್ಡ ಬರುವುದಿಲ್ಲ.

ಎಲ್ಲ ಕಡೆಯೂ ಇದೇ ನಿಯಮ ಎಂದುಕೊಳ್ಳಬೇಡಿ. ಅಮೆರಿಕದ ಸಿಕ್ಸ್ ಫ್ಲ್ಯಾಗ್ಸ್ ಪಾರ್ಕ್‌ಗಳಲ್ಲಿ ಬೇರೆಯವರಿಗೆ ಜಾಗ ಹಿಡಿಯುವುದೂ ನುಗ್ಗಿದ ಹಾಗೇ ಲೆಕ್ಕ. ಟಾಯ್ಲೆಟ್‌ಗೋ ತಿಂಡಿಗೋ ಹೋಗಿ ವಾಪಸ್ ಬಂದು ಸೇರಿದರೂ ತಪ್ಪು ಎಂದು ಬೋರ್ಡ್ ಹಾಕಿದ್ದಾರೆ. ಸಿಕ್ಕಿಬಿದ್ದರೆ ಟಿಕೆಟ್ ದುಡ್ಡೂ ವಾಪಸ್ ಕೊಡದೆ ಹೊರಗೆ ಕಳಿಸುತ್ತಾರೆ. ಯಾಕಿಷ್ಟು ಬಿಗಿ? ನಿಜವಾಗಿ ಟಾಯ್ಲೆಟ್‌ಗೆ ಹೋಗಿದ್ದವನು ಯಾರು, ಸುಳ್ಳು ಹೇಳುತ್ತಿರುವವನು ಯಾರು ಎಂದು ಗೇಟ್‌ನಲ್ಲಿ ನಿಂತವನಿಗೆ ಗೊತ್ತಾಗುವುದಿಲ್ಲ. ಹಾಗಾಗಿ ಎಲ್ಲರಿಗೂ ಒಂದೇ ಕತ್ತರಿ. ಏಳು ವರ್ಷದ ಮಗುವಿನ ವಿಷಯದಲ್ಲಿ ಅದು ಅತಿ ಆಯಿತು ಎಂದೇ ನನ್ನ ಅನಿಸಿಕೆ. ಮಗು ಹೊರಡುವ ಮೊದಲೇ ಹಿಂದಿನವರಿಗೆ “ಇವನು ಟಾಯ್ಲೆಟ್‌ಗೆ ಹೋಗಿ ಬರ್ತಾನೆ, ಜೊತೆಗೆ ಇವರಪ್ಪ ಇರ್ತಾರೆ” ಎಂದು ಹೇಳಿಬಿಡಿ. ಬಂದ ಮೇಲೆ ಹೇಳಿದರೆ ಅದು ಸಮಜಾಯಿಷಿ ಆಗುತ್ತದೆ. ಹೋಗುವ ಮೊದಲು ಹೇಳಿದರೆ ಮಗು ವಾಪಸ್ ಬರುವಾಗ ಅವರೇ ಪಕ್ಕಕ್ಕೆ ಸರಿದು ದಾರಿ ಬಿಡುತ್ತಾರೆ.

ಇನ್ನು 40 ನಿಮಿಷ ಒಂದು ಗಂಟೆ ಆಗಿದ್ದು ಹೇಗೆ? ಇಲ್ಲಿ ಹುಡುಗರ ಮೇಲೆ ಎಲ್ಲ ಭಾರ ಹಾಕಬೇಡಿ. ಲೆಕ್ಕ ನೋಡೋಣ.

ಒಂದು ರೈಡ್‌ನಲ್ಲಿ 24 ಸೀಟು ಇದೆ ಅಂದುಕೊಳ್ಳಿ. ಜನ ಹತ್ತಿ, ಬೆಲ್ಟ್ ಹಾಕಿ, ರೈಡ್ ಓಡಿ, ಇಳಿದು, ಮುಂದಿನ ತಂಡ ಹತ್ತುವವರೆಗೆ 3 ನಿಮಿಷ. ಅಂದರೆ ಗಂಟೆಗೆ 20 ಸುತ್ತು, 480 ಜನ. ಬೋರ್ಡ್ 40 ನಿಮಿಷ ಅಂದರೆ ನಿಮ್ಮ ಮುಂದೆ ಸುಮಾರು 320 ಜನ ಇದ್ದಾರೆ ಎಂದರ್ಥ. ಸಾಲಿನಲ್ಲಿರುವ ಜನರನ್ನು ಗಂಟೆಗೆ ಹತ್ತುವವರಿಂದ ಭಾಗಿಸಿದರೆ ಕಾಯುವ ಹೊತ್ತು ಸಿಗುತ್ತದೆ. ಜಾನ್ ಲಿಟಲ್ ಎಂಬ ಅಮೆರಿಕದ ಪ್ರೊಫೆಸರ್ 1961ರಲ್ಲಿ ಇದನ್ನು ಗಣಿತದಲ್ಲಿ ಸಾಧಿಸಿ ತೋರಿಸಿದರು. ನೀವೂ ಮಾಡಬಹುದು. ಕಂಬಿಯ ಒಂದು ಮಡಿಕೆಯಲ್ಲಿ ಎಷ್ಟು ಜನ ಎಂದು ಎಣಿಸಿ, ಎಷ್ಟು ಮಡಿಕೆ ಇದೆ ನೋಡಿ, ಎರಡು ಸುತ್ತುಗಳ ನಡುವೆ ಎಷ್ಟು ಹೊತ್ತು ಎಂದು ಮೊಬೈಲ್‌ನಲ್ಲಿ ನೋಡಿಕೊಳ್ಳಿ. ಬೋರ್ಡ್‌ಗಿಂತ ನಿಮ್ಮ ಲೆಕ್ಕವೇ ಸರಿಯಾಗಿರುವ ದಿನಗಳೂ ಇರುತ್ತವೆ.

ಈಗ ಆ ಒಂಬತ್ತು ಹುಡುಗರು. ಗಂಟೆಗೆ 480 ಜನ ಹತ್ತುವ ಕಡೆ ಒಂಬತ್ತು ಜನ ಎಂದರೆ ಒಂದು ನಿಮಿಷ ಚಿಲ್ಲರೆ. ಅಷ್ಟೇ. ಆದರೆ ಅವರು ಸೇರಿದ್ದು ಗೇಟ್ ಹತ್ತಿರ. ಅಲ್ಲಿ ಆಪರೇಟರ್ ತಲೆ ಎಣಿಸಿ, ಇಪ್ಪತ್ತನಾಲ್ಕಕ್ಕೆ ಸರಪಳಿ ಹಾಕುತ್ತಾನೆ. ಆ ಸರಪಳಿ ನಿಮ್ಮ ಮುಂದೆ ಬಿದ್ದರೆ ಒಂದಿಡೀ ಸುತ್ತು ಹೋಯಿತು. ಒಮ್ಮೊಮ್ಮೆ ಅದು ಒಂದೇ ಮನೆಯವರ ನಡುವೆ ಬೀಳುತ್ತದೆ. ಮಗು ಒಳಗೆ, ಅಮ್ಮ ಹೊರಗೆ. ನಾನು ನೋಡಿದ ಜೋರು ಜಗಳಗಳೆಲ್ಲ ಹೆಚ್ಚಾಗಿ ಆ ಸರಪಳಿಯ ಎರಡು ಕಡೆ ನಡೆದಂಥವು.

ನಿಜವಾದ ಹೊಡೆತ ಬೇರೆ ಕಡೆ ಇದೆ. ನಿಮ್ಮ ಮುಂದಿನ 320 ಜನರಲ್ಲಿ 30 ಜನ ಇದೇ ರೀತಿ ಐದೈದು ಜನರಿಗೆ ಜಾಗ ಹಿಡಿದಿದ್ದಾರೆ ಅನ್ನಿ. 150 ಜನ ಜಾಸ್ತಿ ಆದರು. ಸುಮಾರು 19 ನಿಮಿಷ. 40 ನಿಮಿಷದ ಬೋರ್ಡ್ ಒಂದು ಗಂಟೆ ಆಯಿತು ನೋಡಿ. ಪ್ರತಿಯೊಬ್ಬರೂ “ನಾವು ಐದೇ ಜನ ತಾನೇ” ಎನ್ನುತ್ತಾರೆ, ಅದು ಸುಳ್ಳೂ ಅಲ್ಲ.

ಇನ್ನೊಂದು ಮಾತು ಹೇಳಿದರೆ ನಿಮಗೆ ಇಷ್ಟ ಆಗದಿರಬಹುದು. ನುಗ್ಗುವವರಷ್ಟೇ ಹೊತ್ತನ್ನು ಚಪ್ಪಲಿಯೂ ತಿನ್ನುತ್ತದೆ. ರೈಡ್ ಹತ್ತಿರ ಬಂದ ಮೇಲೆ ಚಪ್ಪಲಿ ಬಿಚ್ಚುವುದು, ಬ್ಯಾಗ್ ಯಾರ ಕೈಗೆ ಕೊಡುವುದು ಎಂದು ಚರ್ಚೆ, ಪ್ಯಾಂಟ್ ಜೇಬಿನಲ್ಲಿ ಮೊಬೈಲ್, ಕನ್ನಡಕ ತೆಗೆಯಬೇಕಾ ಬೇಡ್ವಾ, ಮಗುವಿನ ಎತ್ತರ ಒಂದು ಇಂಚು ಕಮ್ಮಿ ಎಂದು ವಾದ, ಆಮೇಲೆ ‘ನನಗೆ ಭಯ, ನಾನು ಇಳೀತೀನಿ’. 3 ನಿಮಿಷದ ಸುತ್ತು 4 ನಿಮಿಷ ಆದರೆ ಗಂಟೆಗೆ 480 ಇದ್ದದ್ದು 360ಕ್ಕೆ ಇಳಿಯುತ್ತದೆ. ಅದೇ 320 ಜನಕ್ಕೆ 53 ನಿಮಿಷ ಬೇಕು. ಒಬ್ಬರೂ ನುಗ್ಗಿಲ್ಲ, ಆದರೂ 13 ನಿಮಿಷ ಹೋಯಿತು. ಸಾಲು ಬೇಗ ಸಾಗಬೇಕಾದರೆ ಮೂರು ಸುತ್ತು ಬಾಕಿ ಇರುವಾಗಲೇ ಜೇಬು ಖಾಲಿ ಮಾಡಿಕೊಳ್ಳಿ.

ಆದರೂ ಚಪ್ಪಲಿ ಬಿಚ್ಚುವವರ ಮೇಲೆ ನಮಗೆ ಸಿಟ್ಟು ಬರುವುದಿಲ್ಲ, ನುಗ್ಗುವವರ ಮೇಲೆ ಬರುತ್ತದೆ. ಅಮೆರಿಕದ ಎಂಐಟಿ ವಿಶ್ವವಿದ್ಯಾಲಯದಲ್ಲಿ ಸಾಲುಗಳ ಬಗ್ಗೆಯೇ ಅಧ್ಯಯನ ಮಾಡಿದ ರಿಚರ್ಡ್ ಲಾರ್ಸನ್ 1980ರ ದಶಕದಲ್ಲೇ ಇದನ್ನು ಎತ್ತಿ ತೋರಿಸಿದ್ದರು. ಜನ ಹೊತ್ತು ಹೋಗಿದ್ದನ್ನು ಸಹಿಸುತ್ತಾರೆ, ಆಮೇಲೆ ಬಂದವನು ಮೊದಲು ಹೋಗಿದ್ದನ್ನು ಸಹಿಸುವುದಿಲ್ಲ. ನಿಮ್ಮ ಸಿಟ್ಟಿನಲ್ಲಿ ವಿಚಿತ್ರ ಏನೂ ಇಲ್ಲ.

ಹಾಗಾದರೆ ಹಿಂದಿನವರು ಯಾಕೆ ಸುಮ್ಮನಿದ್ದರು? ಇದಕ್ಕೊಂದು ಒಳ್ಳೆಯ ಪ್ರಯೋಗ ಇದೆ. ಸ್ಟಾನ್ಲಿ ಮಿಲ್‌ಗ್ರಾಂ ಎಂಬ ಮನಶ್ಶಾಸ್ತ್ರಜ್ಞರ ತಂಡ ನ್ಯೂಯಾರ್ಕ್‌ನಲ್ಲಿ 129 ಸಾಲುಗಳಿಗೆ ಬೇಕೆಂದೇ ಜನರನ್ನು ನುಗ್ಗಿಸಿ ನೋಡಿತು. 1986ರಲ್ಲಿ ಅದು ಪ್ರಕಟವಾಯಿತು. ಒಬ್ಬ ನುಗ್ಗಿದಾಗ ಸುಮಾರು ಅರ್ಧದಷ್ಟು ಸಾಲುಗಳಲ್ಲಿ ಯಾರಾದರೂ ಆಕ್ಷೇಪ ಎತ್ತಿದರು. ಇಬ್ಬರು ನುಗ್ಗಿದಾಗ ಹತ್ತರಲ್ಲಿ ಒಂಬತ್ತು ಕಡೆ. ಆದರೆ ನುಗ್ಗಿದವನ ಬೆನ್ನ ಹಿಂದೆ ತಮ್ಮದೇ ಇಬ್ಬರನ್ನು ನಿಲ್ಲಿಸಿ, ‘ಏನೂ ಹೇಳಬೇಡಿ’ ಎಂದಿದ್ದಾಗ ಆಕ್ಷೇಪ ನೂರಕ್ಕೆ ಐದಕ್ಕೆ ಇಳಿಯಿತು. ಅಂದರೆ ನುಗ್ಗಿದವನ ಸರಿ ಹಿಂದೆ ಇರುವವರು ಸುಮ್ಮನಿದ್ದರೆ ಅವರ ಹಿಂದಿನವರೂ ಸುಮ್ಮನಾಗುತ್ತಾರೆ. ‘ಅವರಿಗೇ ತೊಂದರೆ ಇಲ್ಲ ಅಂದ ಮೇಲೆ ನಮಗೇನು’ ಎಂದು. ಅವತ್ತು ಆ ಜಾಗದಲ್ಲಿ ಇದ್ದವರು ನೀವು. ನೀವು ಕೇಳಿದಿರಿ. ಹುಡುಗರ ಉತ್ತರ ಕೇಳಿ ನೀವು ತಡವರಿಸಿದಿರಿ, ನಿಮ್ಮ ಗಂಡ ಬಿಡು ಎಂದರು. ಹಿಂದಿನವರು ಅದನ್ನೇ ನೋಡಿ ತಣ್ಣಗಾದರು. ಅದಕ್ಕೆ ನಿಮ್ಮನ್ನಾಗಲಿ ಅವರನ್ನಾಗಲಿ ದೂರುವುದಿಲ್ಲ.

‘ನಮ್ಮ ಜನಕ್ಕೆ ಕ್ಯೂ ನಿಲ್ಲುವುದೇ ಗೊತ್ತಿಲ್ಲ’ ಎಂಬ ಮಾತನ್ನು ಈ ಸಂದರ್ಭದಲ್ಲಿ ಯಾರಾದರೊಬ್ಬರು ಹೇಳಿಯೇ ಹೇಳುತ್ತಾರೆ. ನಾನು ಒಪ್ಪುವುದಿಲ್ಲ. ಭಾನುವಾರ ಬೆಳಿಗ್ಗೆ ಗಾಂಧಿ ಬಜಾರ್‌ನ ವಿದ್ಯಾರ್ಥಿ ಭವನದ ಮುಂದೆ ಹೋಗಿ ನೋಡಿ. ಹೆಸರು ಬರೆಸಿ, ದೋಸೆ ವಾಸನೆ ಕುಡಿಯುತ್ತ ಫುಟ್‌ಪಾತ್ ಮೇಲೆ ಜನ ನಿಂತಿರುತ್ತಾರೆ. ತಮ್ಮ ಹೆಸರು ಬಂದೇ ಬರುತ್ತದೆ ಎಂಬ ನಂಬಿಕೆ ಇದೆ, ಅದಕ್ಕೆ ನೂಕಾಟ ಇಲ್ಲ. ಅದೇ ಜನ ಹಬ್ಬದ ಹಿಂದಿನ ರಾತ್ರಿ ಮೆಜೆಸ್ಟಿಕ್‌ನಲ್ಲಿ ಊರಿನ ಬಸ್‌ಗೆ ಕಿಟಕಿಯಿಂದ ಟವೆಲ್ ಎಸೆಯುತ್ತಾರೆ. ಅಲ್ಲಿ ಸೀಟು ಇಷ್ಟೇ, ಸಿಗದಿದ್ದರೆ ರಾತ್ರಿಯಿಡೀ ನಿಂತುಕೊಂಡು ಹೋಗಬೇಕು. ಒಬ್ಬ ಹತ್ತಿ ಇಡೀ ಮನೆಗೆ ಸೀಟು ಹಿಡಿಯುವುದು ಅಲ್ಲಿ ಸಾಮರ್ಥ್ಯ, ಹೊಗಳಿಸಿಕೊಳ್ಳುವ ವಿಷಯ. ಆ ಅಭ್ಯಾಸವನ್ನೇ ಹುಡುಗರು ರೈಡ್ ಸಾಲಿಗೂ ತರುತ್ತಾರೆ. ರೈಡ್‌ನಲ್ಲಿ ಸೀಟು ಖಾಲಿಯಾಗುವುದಿಲ್ಲ, ಮೂರು ನಿಮಿಷಕ್ಕೆ ಮತ್ತೆ ಬರುತ್ತದೆ. ಆದರೆ ಸಂಜೆ ಪಾರ್ಕ್ ಮುಚ್ಚುವ ಹೊತ್ತಾಗುತ್ತಿದ್ದ ಹಾಗೆ ಇಲ್ಲೂ ಮೆಜೆಸ್ಟಿಕ್ ಬುದ್ಧಿ ಜಾಗೃತವಾಗುತ್ತದೆ. ಕೊನೆಯ ಒಂದು ಗಂಟೆಯಲ್ಲಿ ನುಗ್ಗಾಟ ಜಾಸ್ತಿ.

ಜಾಗ ಹಿಡಿಯುವುದು ಎಲ್ಲ ಕಡೆಯೂ ಕೆಟ್ಟದ್ದೇ ಎಂದೂ ಅಲ್ಲ. 1960ರ ದಶಕದಲ್ಲಿ ಮೆಲ್ಬರ್ನ್‌ನಲ್ಲಿ ಫುಟ್‌ಬಾಲ್ ಟಿಕೆಟ್‌ಗೆ ರಾತ್ರಿಯಿಡೀ ನಿಲ್ಲುತ್ತಿದ್ದ ಸಾಲುಗಳನ್ನು ಲಿಯಾನ್ ಮಾನ್ ಎಂಬ ಮನಶ್ಶಾಸ್ತ್ರಜ್ಞರು ಅಧ್ಯಯನ ಮಾಡಿದ್ದರು. ಅಲ್ಲಿ ಜನ ಪಾಳಿ ಮಾಡಿಕೊಂಡು ನಿಲ್ಲುತ್ತಿದ್ದರು. ಸ್ವಲ್ಪ ಹೊತ್ತು ಹೋಗಿ ಬರುವವರು ತಮ್ಮ ಸಾಮಾನು ಬಿಟ್ಟು ಹೋಗುತ್ತಿದ್ದರು. ಅಕ್ಕಪಕ್ಕದವರು ಒಪ್ಪುತ್ತಿದ್ದರು, ಯಾಕೆಂದರೆ ಎಲ್ಲರೂ ಸರದಿಯಲ್ಲಿ ಒಂದಷ್ಟು ಹೊತ್ತು ಚಳಿಯಲ್ಲಿ ನಿಂತವರೇ. ನಿಮ್ಮ ಮುಂದಿನ ಒಂಬತ್ತು ಜನ ಯಾವ ಪಾಳಿಯಲ್ಲೂ ಇರಲಿಲ್ಲ.

ಫಾಸ್ಟ್‌ಟ್ರ್ಯಾಕ್ ವಿಷಯ. ಇದು ನುಗ್ಗುವುದಲ್ಲ, ಆದರೆ ನಿಮ್ಮ ಹೊತ್ತು ತಿನ್ನುವುದಂತೂ ಹೌದು. ಬಿಡದಿ ಹತ್ತಿರದ ವಂಡರ್‌ಲಾ ಸೇರಿದಂತೆ ಹಲವು ಪಾರ್ಕ್‌ಗಳು ಮಾಮೂಲಿ ಟಿಕೆಟ್‌ಗಿಂತ ಜಾಸ್ತಿ ದುಡ್ಡಿಗೆ ಇದನ್ನು ಬಹಿರಂಗವಾಗಿ ಮಾರುತ್ತವೆ. ಡಿಸ್ನಿ 1999ರಲ್ಲಿ ಫಾಸ್ಟ್‌ಪಾಸ್ ತಂದಾಗ ಅದು ಪುಕ್ಕಟೆ ಇತ್ತು. ಹೊತ್ತು ಬರೆದ ಚೀಟಿ ತೆಗೆದುಕೊಂಡು ಆ ಹೊತ್ತಿಗೆ ಬರಬೇಕಿತ್ತು. 2021ರಲ್ಲಿ ಅಮೆರಿಕದ ಡಿಸ್ನಿ ಪಾರ್ಕ್‌ಗಳಲ್ಲಿ ಅದರ ಜಾಗಕ್ಕೆ ದುಡ್ಡಿನ ವ್ಯವಸ್ಥೆ ಬಂತು. ನುಗ್ಗುವುದಕ್ಕೂ ಫಾಸ್ಟ್‌ಟ್ರ್ಯಾಕ್‌ಗೂ ವ್ಯತ್ಯಾಸ ಏನೆಂದರೆ, ಫಾಸ್ಟ್‌ಟ್ರ್ಯಾಕ್ ಬಗ್ಗೆ ಟಿಕೆಟ್ ಕೌಂಟರ್‌ನಲ್ಲೇ ನಿಮಗೆ ಗೊತ್ತಿರುತ್ತದೆ. ಎಷ್ಟು ಮಾರಬೇಕು ಎಂಬುದೂ ಪಾರ್ಕ್ ಕೈಯಲ್ಲಿದೆ. ಹುಡುಗರ ಗುಂಪಿಗೆ ಮಿತಿ ಹಾಕುವವರು ಯಾರೂ ಇಲ್ಲ.

ಆದರೆ ಪಾರ್ಕ್ ಆ ಮಿತಿಯನ್ನು ಮೀರಿದರೆ ಮಾಮೂಲಿ ಸಾಲಿನವರಿಗೆ ಮೋಸ. ಇಪ್ಪತ್ತನಾಲ್ಕು ಸೀಟಿನಲ್ಲಿ ಆರು ಫಾಸ್ಟ್‌ಟ್ರ್ಯಾಕ್‌ಗೆ ಹೋದರೆ ನಿಮ್ಮ 40 ನಿಮಿಷ 53 ಆಗುತ್ತದೆ. ಹನ್ನೆರಡು ಹೋದರೆ 80. ಬೋರ್ಡ್‌ನಲ್ಲಿ ಇದನ್ನು ಸೇರಿಸಿ ಬರೆಯಬೇಕಾದ್ದು ಪಾರ್ಕ್‌ನ ಕೆಲಸ. ಅದನ್ನು ಮಾಡದಿದ್ದರೆ ಗೆಸ್ಟ್ ರಿಲೇಶನ್ಸ್ ಕೌಂಟರ್‌ನಲ್ಲಿ ಕೇಳುವ ಹಕ್ಕು ನಿಮಗಿದೆ. ಸಾಲಿನಲ್ಲಿ ನಿಂತು ಫಾಸ್ಟ್‌ಟ್ರ್ಯಾಕ್ ಪಟ್ಟಿ ಕಟ್ಟಿಕೊಂಡವರನ್ನು ದುರುಗುಟ್ಟಿ ನೋಡಿ ಪ್ರಯೋಜನ ಇಲ್ಲ.

ಇನ್ನು ಮುಂದೆ ಹೀಗಾದಾಗ ಏನು ಮಾಡಬೇಕು? ಹಲವು ದಾರಿ ಇದೆ, ಎಲ್ಲದರಲ್ಲೂ ಸ್ವಲ್ಪ ರಿಸ್ಕ್ ಇದೆ.

ಸುಮ್ಮನಿರುವುದು ಒಂದು. ಒಂಬತ್ತು ಜನಕ್ಕೆ ಒಂದರಿಂದ ಮೂರು ನಿಮಿಷ ಹೋಗುತ್ತದೆ ಎಂದು ಲೆಕ್ಕ ಗೊತ್ತಿದ್ದು ಸುಮ್ಮನಿದ್ದರೆ ಅದು ಹೇಡಿತನ ಏನಲ್ಲ. ನಿಮ್ಮ ಗಂಡ ಹೇಳಿದ್ದರಲ್ಲಿ ಅಷ್ಟರಮಟ್ಟಿಗೆ ನಿಜ ಇದೆ. ಆದರೆ ಗೇಟ್‌ಗೆ ಇನ್ನೂ ದೂರ ಇದ್ದರೆ, ಒಂದು ಗುಂಪು ಸಲೀಸಾಗಿ ಸೇರಿದ್ದನ್ನು ನೋಡಿ ಇನ್ನೊಂದು ಗುಂಪು ಸೇರುತ್ತದೆ.

ಕೇಳುವುದಾದರೆ ಮೊದಲನೆಯವನು ಕಂಬಿ ದಾಟುವಾಗಲೇ ಕೇಳಿ. ಒಂಬತ್ತೂ ಜನ ಒಳಗೆ ಬಂದ ಮೇಲೆ ಯಾರೂ ಹಿಂದೆ ಹೋಗುವುದಿಲ್ಲ, ಗೆಳೆಯರ ಮುಂದೆ ಮಾನದ ಪ್ರಶ್ನೆ ಆಗಿಬಿಡುತ್ತದೆ. “ನಾಚಿಕೆ ಆಗಲ್ವಾ” ಎಂದು ಶುರು ಮಾಡಿದರೆ ಜಗಳ ಖಂಡಿತ. “ನೀವು ಇಬ್ಬರೇ ನಿಂತಿದ್ರಿ ಅಲ್ವಾ? ಒಟ್ಟಿಗೆ ಹತ್ತಬೇಕು ಅಂದ್ರೆ ನೀವಿಬ್ಬರು ಹಿಂದೆ ಹೋಗಿ ಅವರ ಜೊತೆ ಸೇರಿಕೊಳ್ಳಿ” ಎಂದು ಮುಂದೆ ನಿಂತ ಇಬ್ಬರಿಗೆ ಹೇಳಿ. ಬರುವವರಿಗಿಂತ ಇವರು ಬೇಗ ಬಗ್ಗುತ್ತಾರೆ. ನಿಮ್ಮ ಪಕ್ಕದಲ್ಲಿ ನಲವತ್ತು ನಿಮಿಷ ನಿಂತವರು, ನಿಮ್ಮ ಮಗನ ಜೊತೆ ಎರಡು ಮಾತಾಡಿರುತ್ತಾರೆ, ಮುಖ ನೋಡಿರುತ್ತಾರೆ. ಹೇಳುವಾಗ ಒಮ್ಮೆ ಹಿಂದೆ ತಿರುಗಿ “ಅಲ್ವಾ ಸಾರ್?” ಎನ್ನಿ. ಹಿಂದಿನವರಿಗೆ ಬಾಯಿ ಬರುತ್ತದೆ.

ಕೈ ಅಡ್ಡ ಇಡುವುದು, ಕಂಬಿ ಬಳಿ ತಡೆಯುವುದು, ಮುಖಕ್ಕೆ ಮೊಬೈಲ್ ಹಿಡಿದು ವಿಡಿಯೋ ಮಾಡುವುದು ಬೇಡವೇ ಬೇಡ. ಸಾಲಿನ ಕಂಬಿ ನಡುವೆ ಇಬ್ಬರು ನಿಲ್ಲುವಷ್ಟು ಜಾಗ ಇರುತ್ತದೆ, ಓಡಲು ದಾರಿ ಇರುವುದಿಲ್ಲ, ಮಕ್ಕಳು ಸೊಂಟದ ಎತ್ತರದಲ್ಲಿರುತ್ತಾರೆ. ಅಲ್ಲಿ ತಳ್ಳಾಟ ಶುರುವಾದರೆ ಮೊದಲು ಬೀಳುವವರು ಅವರು.

ಆಪರೇಟರ್‌ಗೆ ಹೇಳುವುದು ನನ್ನ ಪ್ರಕಾರ ಒಳ್ಳೆಯ ದಾರಿ, ಆದರೆ ಎಲ್ಲಿ ಹೇಳುತ್ತೀರಿ ಎನ್ನುವುದು ಮುಖ್ಯ. ಸಾಲಿನ ಮಧ್ಯದಿಂದ ಕೂಗಿದರೆ ಅವನು ಬರುವುದಿಲ್ಲ, ಬರಲೂಬಾರದು. ರೈಡ್ ಓಡುವಾಗ ಪ್ಯಾನೆಲ್ ಬಿಟ್ಟು ಕದಲುವಂತಿಲ್ಲ. ಸರಪಳಿ ಹಾಕುವವನ ಹತ್ತಿರ ಬಂದಾಗ ಮೆಲ್ಲಗೆ, ಅಂಕಿಯಲ್ಲೇ ಹೇಳಿ: “ಇವರಲ್ಲಿ ಇಬ್ಬರು ನಿಂತಿದ್ದರು, ಒಂಬತ್ತು ಜನ ಈಗ ಬಂದರು.” ಯಾರು ಸರಿ ಎಂದು ಅವನು ಪಂಚಾಯಿತಿ ಮಾಡಬೇಕಿಲ್ಲ. ನಿಮ್ಮನ್ನು ಈ ಸುತ್ತಿಗೆ ಬಿಟ್ಟು ಆ ಒಂಬತ್ತು ಜನರನ್ನು ಮುಂದಿನದಕ್ಕೆ ನಿಲ್ಲಿಸಿದರೆ ಮುಗಿಯಿತು. ಎಲ್ಲ ಆಪರೇಟರ್‌ಗಳೂ ಇದನ್ನು ಮಾಡುವುದಿಲ್ಲ. ಇಪ್ಪತ್ತು ವರ್ಷದ ಹುಡುಗ, ಎದುರಿಗೆ ಹನ್ನೊಂದು ಜನ, ಸಂಬಳ ಅಷ್ಟಕ್ಕಷ್ಟೇ. ಅವನು ಕಣ್ಣು ತಪ್ಪಿಸಿದರೆ ಬಿಟ್ಟುಬಿಡಿ. ಆಮೇಲೆ ಮ್ಯಾನೇಜರ್‌ಗೆ ಹೇಳುವಾಗ ರೈಡ್ ಹೆಸರು, ಹೊತ್ತು, ಎಷ್ಟು ಜನ ಎಂದು ಹೇಳಿ. ಸಾಲು ಕಾಯಲು ಒಬ್ಬ ಮನುಷ್ಯನನ್ನು ಹೆಚ್ಚುವರಿಯಾಗಿ ಹಾಕುವುದು ಅಂಥ ದೂರುಗಳ ಮೇಲೆಯೇ.

ದಸರಾ ರಜೆಯ ಹನ್ನೆರಡು ಜನರ ಬಗ್ಗೆ. ನೀವೇ ಈ ಸಲ ದೊಡ್ಡ ಗುಂಪು, ನೆನಪಿರಲಿ! ಹನ್ನೆರಡು ಜನ ಎಲ್ಲ ರೈಡ್‌ಗೂ ಒಟ್ಟಿಗೆ ಹೋಗುತ್ತೇವೆ ಎಂದು ಹೊರಟರೆ ಒಬ್ಬರಲ್ಲ ಒಬ್ಬರು ಹಿಂದೆ ಬಿದ್ದೇ ಬೀಳುತ್ತಾರೆ, ಆಗ ನೀವೂ ಜಾಗ ಹಿಡಿಯುವವರೇ ಆಗುತ್ತೀರಿ. ಎತ್ತರದ ಮಿತಿ ನೋಡಿ ಬೆಳಿಗ್ಗೆಯೇ ಮೂರು ತಂಡ ಮಾಡಿಕೊಳ್ಳಿ, ಊಟಕ್ಕೆ ಸೇರಿ. ಸಾಲಿಗೆ ಕಾಲಿಡುವ ಮೊದಲು ಟಾಯ್ಲೆಟ್, ನೀರು ಮುಗಿಸಿ. ರಜೆಯಲ್ಲೇ ಹೋಗುವುದಾದರೂ ವಾರದ ನಡುವಿನ ದಿನ ಆರಿಸಿಕೊಳ್ಳಿ. ಗೇಟ್ ತೆರೆದ ತಕ್ಷಣ ಜನ ಎದುರಿಗೆ ಕಾಣುವ ರೈಡ್‌ಗೆ ಮುತ್ತುತ್ತಾರೆ. ನೀವು ಅದನ್ನು ದಾಟಿ ಹಿಂದಿನವಕ್ಕೆ ಹೋಗಿ. ನೀರಿನ ಆಟಗಳಿಗೆ ಬೇರೆ ಹೊತ್ತು ಇಟ್ಟಿರುವ ಪಾರ್ಕ್ ಆದರೆ, ಅವು ಶುರುವಾದ ಮೊದಲ ಒಂದು ಗಂಟೆ ಒಣ ರೈಡ್‌ಗಳಿಗೆ ಚಿನ್ನದಂಥ ಹೊತ್ತು. ಹನ್ನೆರಡು ಜನಕ್ಕೂ ಫಾಸ್ಟ್‌ಟ್ರ್ಯಾಕ್ ಬೇಕಿಲ್ಲ. ಅತ್ತೆಯವರಿಗಂತೂ ಬೇಡ, ಅವರು ಹತ್ತುವ ರೈಡ್‌ಗಳಿಗೆ ಸಾಲೇ ಇರುವುದಿಲ್ಲ.

ಅವರನ್ನು ಎಲ್ಲ ಸಾಲಿನಲ್ಲೂ ನಿಲ್ಲಿಸಬೇಡಿ. ರೈಡ್‌ನ ಹೊರಬಾಗಿಲ ಹತ್ತಿರ ನೆರಳಿನ ಬೆಂಚು ಹುಡುಕಿ ಕೂರಿಸಿ, ಬ್ಯಾಗ್, ಚಪ್ಪಲಿ ಅವರ ಹತ್ತಿರ ಇರಲಿ. ಚಿಕ್ಕ ಮಗು ಹತ್ತಲಾಗದ ರೈಡ್ ಆದರೆ ಗಂಡ ಹೆಂಡತಿ ಎರಡು ಸಲ ಸಾಲು ನಿಲ್ಲಬೇಕಾಗಿಲ್ಲದಂತೆ ಹೊರದೇಶದ ದೊಡ್ಡ ಪಾರ್ಕ್‌ಗಳಲ್ಲಿ ಅದಲು ಬದಲು ವ್ಯವಸ್ಥೆ ಇದೆ. ಒಬ್ಬರು ಹೋಗಿ ಬಂದು ಮಗುವನ್ನು ನೋಡಿಕೊಳ್ಳುತ್ತಾರೆ, ಇನ್ನೊಬ್ಬರನ್ನು ಮತ್ತೆ ಸಾಲಿಲ್ಲದೆ ಬಿಡುತ್ತಾರೆ. ನೀವು ಹೋಗುವ ಪಾರ್ಕ್‌ನಲ್ಲಿ ಇದೆಯಾ ಎಂದು ಕೇಳಿ ನೋಡಿ. ಬೋರ್ಡ್ ಇಲ್ಲದಿದ್ದರೂ ಆಪರೇಟರ್ ಒಪ್ಪುವುದುಂಟು. ಸಾಲಿಗೆ ಸೇರುವ ಮೊದಲೇ ಕೇಳಬೇಕು. ಗೇಟ್‌ಗೆ ಬಂದು ಕೇಳಿದರೆ ನಿಮ್ಮ ಹಿಂದಿನವರಿಗೆ ನೀವೂ ಆ ಹುಡುಗರ ಹಾಗೇ ಕಾಣುತ್ತೀರಿ.